ಬಾಗಿಲಲ್ಲೇ ಸೋರಿಹೋಗುವ ಲಾಭ

ಉಕ್ಕಿನ ತಗಡು ಕೊಳ್ಳುವಾಗ ಕಿಲೋಗ್ರಾಮಿಗೆ 25 ಪೈಸೆ ಕಡಿಮೆ ಮಾಡಿಸಲು ಅರ್ಧ ದಿನ ಚೌಕಾಸಿ ನಡೆಸುವ ಸಣ್ಣ ಉದ್ದಿಮೆದಾರರು, ಅದೇ ತಗಡು ಲಾರಿಯಲ್ಲಿ ಬಂದು ತಮ್ಮ ಬಾಗಿಲಲ್ಲಿ ಇಳಿಯುವ ಹೊತ್ತಿಗೆ ಅತ್ತ ತಿರುಗಿಯೂ ನೋಡುವುದಿಲ್ಲ. ಇಳಿಸಿಕೊಳ್ಳುವುದು ಕಾವಲುಗಾರನ ಕೆಲಸ, ಹೊರುವುದು ಹಮಾಲರ ಕೆಲಸ, ಬರೆಯುವುದು ಗುಮಾಸ್ತನ ಕೆಲಸ ಎಂಬ ಭಾವನೆ ವರ್ತಕ ಸಮುದಾಯದಲ್ಲಿ ಆಳವಾಗಿ ಬೇರೂರಿದೆ. ದರದಲ್ಲಿ ಉಳಿಸಿದ 25 ಪೈಸೆ ಬಾಗಿಲಲ್ಲಿ 50 ಪೈಸೆಯಾಗಿ ಸೋರಿಹೋದರೂ ಅದು ಯಾವ ಖಾತೆಯಲ್ಲಿಯೂ ಪ್ರತ್ಯೇಕವಾಗಿ ಕಾಣಿಸಿಕೊಳ್ಳದು. ವರ್ಷಾಂತ್ಯದಲ್ಲಿ ‘ದಾಸ್ತಾನು ವ್ಯತ್ಯಾಸ’ ಎಂಬ ಒಂದು ಸಾಲಿನಲ್ಲಿ ಅದು ಸದ್ದಿಲ್ಲದೆ ಅಡಗಿಬಿಡುತ್ತದೆ.

ಪಶ್ಚಿಮ ಬೆಂಗಳೂರಿನ ಉದ್ದಿಮೆಗಳಿಗೆ ಈ ವಿಷಯ ವಿಶೇಷವಾಗಿ ಅನ್ವಯಿಸುತ್ತದೆ. ರಾಜಾಜಿನಗರದ ಕೈಗಾರಿಕಾ ವಸಾಹತು, ಕಾಮಾಕ್ಷಿಪಾಳ್ಯ, ಮಾಗಡಿ ರಸ್ತೆಯ ಇಕ್ಕೆಲ, ಇವೆಲ್ಲ ಒಂದು ಕಾಲಕ್ಕೆ ಊರಿನ ಅಂಚಿನಲ್ಲಿದ್ದು ಇಂದು ಊರಿನ ನಡುವೆ ಸಿಲುಕಿಕೊಂಡಿರುವ ಪ್ರದೇಶಗಳು. ಶೆಡ್ಡಿನ ಮುಂದೆ ದೊಡ್ಡ ಲಾರಿ ತಿರುಗಲು ಜಾಗವಿಲ್ಲ; ಹಿಂದೆ ಸರಿಯೋಣವೆಂದರೆ ಮನೆಗಳೆದ್ದಿವೆ. ಬೆಳಗಿನ ಹಾಗೂ ಸಂಜೆಯ ದಟ್ಟಣೆಯ ವೇಳೆಯಲ್ಲಿ ಭಾರೀ ಸರಕು ವಾಹನಗಳಿಗೆ ಸಂಚಾರ ಪೊಲೀಸರ ನಿರ್ಬಂಧವಿದೆ. 2021ರ ಆಗಸ್ಟಿನಲ್ಲಿ ಮೆಟ್ರೊ ಕೆಂಗೇರಿಯನ್ನು ಮುಟ್ಟಿತು. ಅದರಿಂದ ಕಾರ್ಮಿಕರಿಗೆ ಅನುಕೂಲವಾಯಿತೇ ಹೊರತು ಸರಕಿಗಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಪೀಣ್ಯದ ಮೇಲ್ಸೇತುವೆಯ ಕೇಬಲ್‌ಗಳಲ್ಲಿ ದೋಷ ಕಂಡು ಸಂಚಾರ ನಿಂತಿತು. ಲಘು ವಾಹನಗಳಿಗೆ ಕೆಲವು ವಾರಗಳಲ್ಲಿ ದಾರಿ ತೆರೆಯಿತಾದರೂ ಭಾರೀ ವಾಹನಗಳು ಮತ್ತೆ ಅದರ ಮೇಲೆ ಹತ್ತಲು 2024ರವರೆಗೆ ಕಾಯಬೇಕಾಯಿತು. ತುಮಕೂರು ರಸ್ತೆಯಿಂದ ಬರುವ ಮಾಲಿಗೆ ಆ ಎರಡೂವರೆ ವರ್ಷ ಏನಾಯಿತೆಂಬುದನ್ನು ಈ ಭಾಗದ ಉದ್ದಿಮೆದಾರರಿಗೆ ವಿವರಿಸಬೇಕಾಗಿಲ್ಲ.

ರಸ್ತೆ, ಸೇತುವೆ, ಪೊಲೀಸರ ವೇಳಾಪಟ್ಟಿ ಇವು ಮಾಲೀಕನ ಕೈಯಲ್ಲಿಲ್ಲ. ಅವನ ಕೈಯಲ್ಲಿರುವುದು ವಾಹನ ಬಾಗಿಲಿಗೆ ಬಂದ ಕ್ಷಣದಿಂದ ಮಾಲು ಪುಸ್ತಕಕ್ಕೆ ಏರುವವರೆಗಿನ ಅವಧಿ ಮಾತ್ರ. ವಿಚಿತ್ರವೆಂದರೆ, ಕೈಯಲ್ಲಿಲ್ಲದ ಸಂಗತಿಗಳ ಬಗ್ಗೆ ಪ್ರತಿ ಸಭೆಯಲ್ಲಿಯೂ ದೂರುವವರು, ಕೈಯಲ್ಲಿರುವ ಈ ಅವಧಿ ಎಷ್ಟೆಂಬುದನ್ನು ಒಮ್ಮೆಯೂ ಅಳೆದಿರುವುದಿಲ್ಲ.

ಅಳೆಯುವುದು ಕಷ್ಟವೇನಲ್ಲ. ಒಂದು ವಾರ, ಬಂದ ಪ್ರತಿಯೊಂದು ವಾಹನಕ್ಕೂ ನಾಲ್ಕು ವೇಳೆಗಳನ್ನು ಬರೆದಿಟ್ಟರೆ ಸಾಕು: ಬಾಗಿಲಿಗೆ ಬಂದದ್ದು, ಇಳಿಸಲು ತೊಡಗಿದ್ದು, ಇಳಿಸಿ ಮುಗಿದದ್ದು, ದಾಸ್ತಾನು ಪುಸ್ತಕದಲ್ಲಿ ನಮೂದಾದದ್ದು. ಇಳಿಸುವ ಕೆಲಸಕ್ಕೆ ತಗಲುವ ವೇಳೆಗಿಂತ ಇಳಿಸುವ ಮೊದಲು ಕಾಯುವ ವೇಳೆಯೇ ಹೆಚ್ಚಿರುವುದು ಬಹುತೇಕ ಕಡೆ ಕಂಡುಬರುತ್ತದೆ. ಹಮಾಲರು ಬೇರೆಲ್ಲೋ ಇರುತ್ತಾರೆ. ಬಾಗಿಲಿಗೆ ಅಡ್ಡವಾಗಿ ನಿನ್ನೆ ಹೊರಡಬೇಕಿದ್ದ ಸಿದ್ಧವಸ್ತುಗಳ ಪೆಟ್ಟಿಗೆಗಳಿರುತ್ತವೆ. ಖರೀದಿ ಆದೇಶದ ಪ್ರತಿ ಮಾಲೀಕನ ಮೇಜಿನ ಖಾನೆಯಲ್ಲಿರುತ್ತದೆ. ಇನ್ನು ಮೂರನೆಯ ಮತ್ತು ನಾಲ್ಕನೆಯ ವೇಳೆಗಳ ನಡುವಿನ ಅಂತರವನ್ನು ಗಂಟೆಗಳಲ್ಲಿ ಅಲ್ಲ, ದಿನಗಳಲ್ಲಿ ಎಣಿಸಬೇಕಾಗುತ್ತದೆ. ಹಾನಿಯ ಮೂಲವಿರುವುದು ಈ ಅಂತರದಲ್ಲಿಯೇ.

ಏಕೆಂದರೆ ಸರಕು ಬಂದಿಳಿದ ದಿನವು ಇಂದು ಕೇವಲ ಉಗ್ರಾಣದ ಸಂಗತಿಯಾಗಿ ಉಳಿದಿಲ್ಲ. ಅದು ಕಾನೂನಿನ ದಿನಾಂಕವಾಗಿದೆ. ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆ, 2006ರ ಪ್ರಕಾರ ಸೂಕ್ಷ್ಮ ಅಥವಾ ಸಣ್ಣ ಉದ್ಯಮದಿಂದ ಕೊಂಡ ಮಾಲಿಗೆ ಲಿಖಿತ ಒಪ್ಪಂದವಿದ್ದರೆ ಗರಿಷ್ಠ 45 ದಿನಗಳೊಳಗೆ, ಒಪ್ಪಂದವಿಲ್ಲದಿದ್ದರೆ 15 ದಿನಗಳೊಳಗೆ ಹಣ ಸಂದಾಯವಾಗಬೇಕು. ಈ ಎಣಿಕೆ ಆರಂಭವಾಗುವುದು ಇನ್‌ವಾಯ್ಸಿನ ದಿನದಿಂದಲ್ಲ, ಲೆಕ್ಕ ಬರೆದ ದಿನದಿಂದಲೂ ಅಲ್ಲ. ಮಾಲು ನಿಜವಾಗಿ ತಲುಪಿದ ದಿನದಿಂದ. ಮಾಲಿನಲ್ಲಿ ದೋಷವಿದ್ದರೆ ತಲುಪಿದ 15 ದಿನಗಳೊಳಗೆ ಲಿಖಿತವಾಗಿ ಆಕ್ಷೇಪಿಸಬೇಕು. ಹಾಗೆ ಮಾಡದಿದ್ದರೆ ಮಾಲು ಸ್ವೀಕೃತವಾಯಿತೆಂದೇ ಕಾನೂನು ಭಾವಿಸುತ್ತದೆ. ದೂರವಾಣಿಯಲ್ಲಿ ಎಷ್ಟೇ ಗಟ್ಟಿಯಾಗಿ ಜಗಳವಾಡಿದರೂ ಅದು ಲಿಖಿತ ಆಕ್ಷೇಪಣೆಯಾಗದು.

2023ರ ಹಣಕಾಸು ಕಾಯ್ದೆ ಇದಕ್ಕೆ ಇನ್ನೊಂದು ಹಲ್ಲನ್ನು ಜೋಡಿಸಿತು. ಈ ಅವಧಿಯನ್ನು ಮೀರಿ ಉಳಿಸಿಕೊಂಡ ಬಾಕಿಯನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ಖರ್ಚೆಂದು ಕಳೆಯಬೇಕಾದರೆ ಅದು ವಾಸ್ತವವಾಗಿ ಸಂದಾಯವಾದ ವರ್ಷದವರೆಗೆ ಕಾಯಬೇಕೆಂಬ ಈ ನಿಯಮವನ್ನು 2025ರ ಹೊಸ ಆದಾಯ ತೆರಿಗೆ ಕಾಯ್ದೆಯೂ ಉಳಿಸಿಕೊಂಡಿದೆ. ಒಂದು ಉದಾಹರಣೆಯನ್ನು ಭಾವಿಸೋಣ. ಬಸವೇಶ್ವರನಗರದ ಪಾಲುದಾರಿಕೆ ಸಂಸ್ಥೆಯೊಂದಕ್ಕೆ 6 ಲಕ್ಷ ರೂಪಾಯಿಯ ಬಿಡಿಭಾಗಗಳು ಫೆಬ್ರುವರಿ 8ರಂದು ಬಂದಿಳಿದವು. 45 ದಿನಗಳ ಲಿಖಿತ ಒಪ್ಪಂದವಿದೆ. ಕಾವಲುಗಾರನ ಬಳಿಯಿದ್ದ ಚಲನ್ ಲೆಕ್ಕಪತ್ರ ವಿಭಾಗಕ್ಕೆ ಬಂದದ್ದು ಫೆಬ್ರುವರಿ 18ರಂದು. ಗುಮಾಸ್ತ ಆ ದಿನಾಂಕವನ್ನೇ ನಮೂದಿಸಿದ. ಅವನ ಎಣಿಕೆಯಲ್ಲಿ ಗಡುವು ಏಪ್ರಿಲ್ 4. ಏಪ್ರಿಲ್ 3ರಂದು ಹಣ ಪಾವತಿಸಿ, ಒಂದು ದಿನ ಮೊದಲೇ ಕೊಟ್ಟೆನೆಂದು ಸಮಾಧಾನಪಟ್ಟ. ಆದರೆ ನಿಜವಾದ ಗಡುವು ಮಾರ್ಚ್ 25ಕ್ಕೆ ಮುಗಿದಿತ್ತು. ಆರು ಲಕ್ಷದ ಖರೀದಿ ಆ ವರ್ಷದ ಖರ್ಚಿನಿಂದ ಹೊರಗೆ ಬಿತ್ತು. ಶೇಕಡಾ 30ರ ದರದಲ್ಲಿ 1 ಲಕ್ಷ 80 ಸಾವಿರ ರೂಪಾಯಿ ಮತ್ತು ಅದರ ಮೇಲಿನ ಸೆಸ್ ಒಂದು ವರ್ಷ ಮೊದಲೇ ಕೈಬಿಟ್ಟಿತು. ತಡವಾದ ಅಷ್ಟು ದಿನಗಳಿಗೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡುವ ಹೊಣೆ ಬೇರೆ. ಆ ಬಡ್ಡಿಯನ್ನು ಯಾವ ವರ್ಷದಲ್ಲಿಯೂ ಖರ್ಚೆಂದು ತೋರಿಸುವಂತಿಲ್ಲ. ಇಷ್ಟಕ್ಕೂ ಕಾರಣ, ಒಂದು ಚಲನ್ ಹತ್ತು ದಿನ ಕಾವಲುಗಾರನ ಪೆಟ್ಟಿಗೆಯಲ್ಲಿ ಉಳಿದದ್ದು. ಸಣ್ಣ ಉದ್ಯಮದ ವ್ಯಾಖ್ಯೆಯ ಮಿತಿಗಳು 2025ರ ಏಪ್ರಿಲ್ 1ರಿಂದ ಏರಿರುವುದರಿಂದ ಈ ರಕ್ಷಣೆಯ ವ್ಯಾಪ್ತಿಗೆ ಬರುವ ಪೂರೈಕೆದಾರರ ಸಂಖ್ಯೆಯೂ ಏರಿದೆ ಎಂಬುದನ್ನು ಇಲ್ಲಿ ಮರೆಯಬಾರದು.

ಇದೇ ಕತ್ತಿಗೆ ಇನ್ನೊಂದು ಅಲಗೂ ಇದೆ. ಇಂದು ಕೊಳ್ಳುವವನು ನಾಳೆ ದೊಡ್ಡ ಕಂಪನಿಗೆ ಮಾರುವವನೂ ಹೌದು. ಬಾಕಿ ವಸೂಲಿಗಾಗಿ ಅದೇ ಕಾಯ್ದೆಯಡಿಯ ಸೌಲಭ್ಯ ಮಂಡಳಿಯ ಮೊರೆಹೋಗುವಾಗ ಅವನು ಮೊದಲು ತೋರಿಸಬೇಕಾದದ್ದು ಮಾಲು ತಲುಪಿದ ದಿನದ ಪುರಾವೆ. ಗ್ರಾಹಕರ ಮೊಹರು, ದಿನಾಂಕ, ಸಹಿ ಇರುವ ಚಲನ್ ಪ್ರತಿಯನ್ನು ಚಾಲಕನಿಂದ ಅಂದೇ ಹಿಂದಕ್ಕೆ ಪಡೆಯುವ ಪದ್ಧತಿ ಎಷ್ಟು ಘಟಕಗಳಲ್ಲಿದೆ? ಟೆಂಪೊ ಚಾಲಕನ ಆಸನದ ಕೆಳಗೆ ಮಾಸಿಹೋಗುವ ಆ ಹಳದಿ ಹಾಳೆಯೇ ಲಕ್ಷಾಂತರ ರೂಪಾಯಿಯ ವ್ಯಾಜ್ಯದಲ್ಲಿ ಆಧಾರವಾಗುತ್ತದೆ.

ಸರಕು ಮತ್ತು ಸೇವಾ ತೆರಿಗೆಯ ವಿಚಾರವೂ ಇದಕ್ಕೆ ಹೊರತಲ್ಲ. ಇನ್‌ವಾಯ್ಸ್ ಕೈಯಲ್ಲಿದ್ದ ಮಾತ್ರಕ್ಕೆ ಇನ್‌ಪುಟ್ ತೆರಿಗೆಯ ಜಮೆ ದೊರಕದು, ಮಾಲು ಕೈಸೇರಿರಬೇಕು. ಒಂದೇ ಇನ್‌ವಾಯ್ಸಿನ ಮಾಲು ಕಂತುಗಳಲ್ಲಿ ಬಂದರೆ ಕೊನೆಯ ಕಂತು ಬಂದ ಮೇಲೆಯೇ ಜಮೆಯ ಹಕ್ಕು. ಪಶ್ಚಿಮ ಬೆಂಗಳೂರಿನಲ್ಲಿ ಇದು ಅಪರೂಪದ ಸಂಗತಿಯಲ್ಲ. ದೂರದಿಂದ ಬಂದ ದೊಡ್ಡ ಲಾರಿ ಯಶವಂತಪುರದ ಟ್ರಕ್ ಟರ್ಮಿನಲ್ಲಿನ ಆಚೀಚೆ ನಿಂತು, ಮಾಲು ಸಣ್ಣ ಗಾಡಿಗಳಿಗೆ ಬದಲಾಗಿ ಕಾಮಾಕ್ಷಿಪಾಳ್ಯದ ಓಣಿಗಳನ್ನು ಹೊಗುತ್ತದೆ. 2005ರಲ್ಲಿ ಟಾಟಾ ಏಸ್ ಬಂದ ನಂತರವಂತೂ ಈ ಪದ್ಧತಿ ಸರ್ವೇಸಾಮಾನ್ಯವಾಗಿದೆ. ಆ ಪುಟ್ಟ ಗಾಡಿ ಇಕ್ಕಟ್ಟಿನ ಬೀದಿಗಳಿಗೆ ಮಾಡಿರುವ ಉಪಕಾರ ದೊಡ್ಡದು. ಆದರೆ ಒಂದು ಬಿಲ್ಲಿನ ಮಾಲು ಮೂರು ಗಾಡಿಗಳಲ್ಲಿ, ಕೆಲವೊಮ್ಮೆ ಎರಡು ದಿನಗಳಲ್ಲಿ ಬರುವಾಗ ಮೂರನೆಯ ಗಾಡಿ ಬಂದಿತೇ ಎಂದು ನೋಡುವ ಕಣ್ಣು ಬಾಗಿಲಲ್ಲಿರಬೇಕು. 2024ರ ಅಕ್ಟೋಬರಿನಿಂದ ಜಾಲತಾಣದಲ್ಲಿ ಪ್ರತಿ ಇನ್‌ವಾಯ್ಸನ್ನು ಒಪ್ಪುವ, ತಿರಸ್ಕರಿಸುವ ಅಥವಾ ಬಾಕಿ ಇರಿಸುವ ವ್ಯವಸ್ಥೆ ಬಂದಿದೆ. ಏನೂ ಮಾಡದೆ ಸುಮ್ಮನಿದ್ದರೆ ಒಪ್ಪಿದಂತೆಯೇ ಲೆಕ್ಕ. ತೆರಿಗೆ ಸಲಹೆಗಾರನ ಕಚೇರಿಯಲ್ಲಿ ಕುಳಿತು ಗುಂಡಿ ಒತ್ತುವ ಹುಡುಗನಿಗೆ ಬಾಗಿಲಲ್ಲಿ ಏನು ಬಂದಿತೆಂಬುದು ತಿಳಿಯುವ ದಾರಿ ಯಾವುದು?

ಕೊರತೆಯ ಮಾಲಿನ ಕಥೆ ಇನ್ನೂ ಕಹಿಯಾದದ್ದು. ಕಳೆದುಹೋದ, ಕಳವಾದ, ನಾಶವಾದ ಸರಕಿನ ಮೇಲಿನ ತೆರಿಗೆಯ ಜಮೆ ಸಿಗುವುದಿಲ್ಲ. ವರ್ಷಕ್ಕೆ 3 ಕೋಟಿ ರೂಪಾಯಿಯ ಮಾಲು ಕೊಳ್ಳುವ ಘಟಕದಲ್ಲಿ ಬಾಗಿಲಲ್ಲಿ ಎಣಿಸದ ಕಾರಣಕ್ಕೆ ಕೇವಲ ಶೇಕಡಾ ಅರ್ಧದಷ್ಟು ಕೊರತೆ ಬಿದ್ದರೂ ಅದು 1 ಲಕ್ಷ 50 ಸಾವಿರ ರೂಪಾಯಿ. ಶೇಕಡಾ 18ರ ತೆರಿಗೆಯೂ ಸೇರಿದರೆ 1 ಲಕ್ಷ 77 ಸಾವಿರ. ನಿವ್ವಳ ಲಾಭ ಶೇಕಡಾ 5 ಇರುವ ವ್ಯವಹಾರದಲ್ಲಿ ಈ ನಷ್ಟವನ್ನು ತುಂಬಿಕೊಳ್ಳಲು 35 ಲಕ್ಷ ರೂಪಾಯಿಗೂ ಮೀರಿದ ಹೊಸ ಮಾರಾಟ ಬೇಕು. ಸಾಗಣೆದಾರನ ಮೇಲೆ ದಾವೆ ಹೂಡೋಣವೆಂದರೆ, 2007ರ ರಸ್ತೆ ಸಾಗಣೆ ಕಾಯ್ದೆಯ ಪ್ರಕಾರ ಮಾಲನ್ನು ಬುಕ್ ಮಾಡಿದ ದಿನದಿಂದ 180 ದಿನಗಳೊಳಗೆ ಅವನಿಗೆ ಲಿಖಿತ ನೋಟಿಸು ಮುಟ್ಟಿರಬೇಕು. ಇಳಿಸಿಕೊಂಡ ದಿನವೇ ‘ಸರಿಯಾಗಿ ತಲುಪಿದೆ’ ಎಂದು ಸಹಿ ಹಾಕಿಕೊಟ್ಟು, ವರ್ಷಾಂತ್ಯದ ದಾಸ್ತಾನು ಎಣಿಕೆಯಲ್ಲಿ ಕೊರತೆ ಕಂಡುಹಿಡಿಯುವವರಿಗೆ ಆ ಬಾಗಿಲೂ ಮುಚ್ಚಿರುತ್ತದೆ. ‘ಪರಿಶೀಲನೆಗೆ ಒಳಪಟ್ಟಂತೆ’ ಎಂಬ ರಬ್ಬರ್ ಮೊಹರೊಂದನ್ನು ಮಾಡಿಸಿಟ್ಟುಕೊಂಡು ಅದರಲ್ಲಿಯೇ ನೆಮ್ಮದಿ ಕಾಣುವವರೂ ಇದ್ದಾರೆ. ಪರಿಶೀಲನೆಯೇ ನಡೆಯದ ಮೇಲೆ ಮೊಹರಿನಿಂದ ಆಗುವುದೇನು?

ಈ ಭಾಗದ ಉದ್ದಿಮೆಗಳಿಗೆ ಹೆಚ್ಚು ದೂರ ಹೋಗದೆ ಕಾಣಸಿಗುವ ಮಾದರಿಯೊಂದಿದೆ. ಕೆಂಗೇರಿ ದಾಟಿ ಮೈಸೂರು ರಸ್ತೆಯಲ್ಲಿ ಸಾಗಿದರೆ ಸಿಗುವ ಬಿಡದಿಯಲ್ಲಿ ಟೊಯೊಟಾ ಕಿರ್ಲೋಸ್ಕರ್ ಮೋಟಾರ್ ಕಾರ್ಖಾನೆ 1999ರ ಕೊನೆಯಲ್ಲಿ ಉತ್ಪಾದನೆ ಆರಂಭಿಸಿತು. ಟೊಯೊಟಾ ಪದ್ಧತಿಯಲ್ಲಿ ಪೂರೈಕೆದಾರರು ತಮಗೆ ಬೇಕಾದಾಗ ಲಾರಿ ತುಂಬಿ ಕಳುಹಿಸುವುದಿಲ್ಲ. ಹಾಲಿನವನು ಮನೆಮನೆಗೆ ಹೋಗಿ ಬರುವಂತೆ ಒಂದೇ ವಾಹನ ನಿಗದಿತ ವೇಳೆಗೆ ಹಲವು ಘಟಕಗಳಿಗೆ ಹೋಗಿ, ಅಂದಿಗೆ ಬೇಕಾದಷ್ಟನ್ನೇ ತುಂಬಿಕೊಂಡು ನಿಗದಿತ ವೇಳೆಗೆ ಕಾರ್ಖಾನೆಯ ನಿಗದಿತ ಬಾಗಿಲಿಗೆ ಬರುತ್ತದೆ. ಟೊಯೊಟಾದ ತಾಯಿಚಿ ಓನೊ ಅವರು ಪಟ್ಟಿಮಾಡಿದ ಏಳು ಬಗೆಯ ವ್ಯರ್ಥಗಳಲ್ಲಿ ಕಾಯುವಿಕೆಯೂ ಒಂದು, ಅಗತ್ಯಕ್ಕೆ ಮೀರಿದ ದಾಸ್ತಾನೂ ಒಂದು.

ಹಾಗೆಂದು ಇಡೀ ಪದ್ಧತಿಯನ್ನು ಎತ್ತಿ ತಂದು ಕಾಮಾಕ್ಷಿಪಾಳ್ಯದ 40 ಅಡಿ ಅಗಲದ ಶೆಡ್ಡಿನಲ್ಲಿ ನೆಡಲು ಹೊರಡುವುದು ಅವಿವೇಕ. 1997ರ ಫೆಬ್ರುವರಿ 1ರಂದು ಜಪಾನಿನ ಕಾರಿಯಾದಲ್ಲಿದ್ದ ಐಸಿನ್ ಸೈಕಿಯ ಘಟಕಕ್ಕೆ ಬೆಂಕಿ ಬಿದ್ದಾಗ, ಬ್ರೇಕಿಗೆ ಬೇಕಾದ ಒಂದು ಸಣ್ಣ ವಾಲ್ವಿನ ಅಭಾವದಿಂದ ಟೊಯೊಟಾದ ಕಾರ್ಖಾನೆಗಳೇ ಕೆಲವು ದಿನ ಸ್ತಬ್ಧವಾದವು. ಅಂಥ ಸಂಸ್ಥೆಗೇ ಆ ಗತಿ ಬಂದ ಮೇಲೆ, ಒಂದು ಮಳೆಗೆ ನಾಯಂಡಹಳ್ಳಿ ವೃತ್ತ ಕಟ್ಟಿಕೊಳ್ಳುವ ಊರಿನಲ್ಲಿ ಕೆಲವು ದಿನಗಳ ಕಚ್ಚಾವಸ್ತುವನ್ನು ಕೈಯಲ್ಲಿಟ್ಟುಕೊಳ್ಳುವುದು ತಪ್ಪಲ್ಲ. ಬಿಡದಿಯಿಂದ ಕಲಿಯಬೇಕಾದದ್ದು ದಾಸ್ತಾನನ್ನು ಶೂನ್ಯಕ್ಕಿಳಿಸುವುದನ್ನಲ್ಲ. ವಾಹನಕ್ಕೆ ವೇಳೆ ಗೊತ್ತುಪಡಿಸುವುದನ್ನು.

ದಿನಕ್ಕೆ ನಾಲ್ಕೈದು ಗಾಡಿಗಳು ಬಂದುಹೋಗುವ ಘಟಕದಲ್ಲಿಯೂ ಇದು ಸಾಧ್ಯ. ದಟ್ಟಣೆಯ ನಿರ್ಬಂಧ ಸಡಿಲುವ ಮಧ್ಯಾಹ್ನದ ಹೊತ್ತನ್ನು ಆವಕಕ್ಕೆ, ಸಂಜೆಯ ದಟ್ಟಣೆ ಕಳೆದ ಮೇಲಿನ ಹೊತ್ತನ್ನು ಜಾವಕಕ್ಕೆ ಮೀಸಲಿಟ್ಟರೆ, ಒಂದೇ ಬಾಗಿಲಿದ್ದರೂ ಒಳಬರುವ ಮತ್ತು ಹೊರಹೋಗುವ ಮಾಲು ಒಂದನ್ನೊಂದು ತಡೆಯುವುದಿಲ್ಲ. ಪೂರೈಕೆದಾರರು ಒಪ್ಪುವುದಿಲ್ಲವೆಂಬುದು ಸಾಮಾನ್ಯವಾದ ಉತ್ತರ. ಖರೀದಿ ಆದೇಶದಲ್ಲಿಯೇ ‘ಮಾಲು ಸ್ವೀಕರಿಸುವ ವೇಳೆ’ ಎಂದು ಒಂದು ಸಾಲು ಮುದ್ರಿಸಿದವರ ಅನುಭವ ಬೇರೆಯೇ ಇದೆ. ಗಾಡಿ ಕಾಯದೆ ಬೇಗ ಖಾಲಿಯಾದರೆ ಎಲ್ಲರಿಗಿಂತ ಮೊದಲು ಸಂತೋಷಪಡುವವನು ಚಾಲಕನೇ. ನಿಲುಗಡೆಯ ಶುಲ್ಕದ ಜಗಳವೂ ಅಲ್ಲಿಗೇ ಮುಗಿಯುತ್ತದೆ.

ಬಾಗಿಲ ಬಳಿ ನೆಲದ ಮೇಲೆ ಹಳದಿ ಬಣ್ಣದಲ್ಲಿ ಒಂದು ಚೌಕ ಬರೆಸಬೇಕು. ಇಳಿದ ಮಾಲು ಎಣಿಕೆಯಾಗುವವರೆಗೆ ಆ ಚೌಕದಲ್ಲಿಯೇ ಇರಬೇಕು. ಎಣಿಕೆಯಾಗದ ಒಂದು ಪೆಟ್ಟಿಗೆಯೂ ಒಳಗಿನ ಕಪಾಟಿಗೆ ಹೋಗಕೂಡದು, ಉತ್ಪಾದನಾ ವಿಭಾಗದವರು ಎಷ್ಟೇ ಅವಸರಪಡಿಸಿದರೂ. ಈ ಒಂದು ಕಟ್ಟುಪಾಡನ್ನು ಮೊದಲು ಮುರಿಯುವವನು ಸಾಮಾನ್ಯವಾಗಿ ಮಾಲೀಕನೇ ಆಗಿರುತ್ತಾನೆ ಎಂಬುದು ವಿಷಾದದ ಸಂಗತಿ. ಎಣಿಸುವಾತನ ಕೈಯಲ್ಲಿ ಪೂರೈಕೆದಾರನ ಚಲನ್ ಇರದೆ ಖರೀದಿ ಆದೇಶವಿರುವುದು ಲೇಸು. ಚಲನ್ ನೋಡುತ್ತ ಎಣಿಸುವವನಿಗೆ ಚಲನ್ನಿನಲ್ಲಿರುವ ಸಂಖ್ಯೆಯೇ ಕಾಣಿಸುತ್ತದೆ. ತೂಕದ ಮಾಲಿಗೆ ಸ್ವಂತ ತೂಕದ ಯಂತ್ರವಿರಬೇಕು. ಅದರ ಮೇಲೆ ಕಾನೂನು ಮಾಪನ ಇಲಾಖೆಯ ಮುದ್ರೆ ನವೀಕೃತವಾಗಿರಬೇಕು.

ರವಾನೆಯ ಕಡೆಯಲ್ಲಿ ಹೊತ್ತು ಹಾಳಾಗುವುದು ಗಾಡಿ ಬಂದ ಮೇಲೆ ಮಾಲು ಹುಡುಕುವುದರಿಂದ. ಮರುದಿನ ಹೊರಡಬೇಕಾದದ್ದನ್ನು ಹಿಂದಿನ ಸಂಜೆಯೇ ಆದೇಶವಾರು ಜೋಡಿಸಿ, ಎಣಿಸಿ, ಚೀಟಿ ಅಂಟಿಸಿಟ್ಟರೆ ಗಾಡಿ ತುಂಬಲು ಅರ್ಧ ಗಂಟೆಯೂ ಬೇಡ. ಇ-ವೇ ಬಿಲ್ಲನ್ನು ಮಾತ್ರ ಗಾಡಿ ಖಚಿತವಾದ ಮೇಲೆಯೇ ತೆಗೆಯಬೇಕು. 2018ರ ಏಪ್ರಿಲ್ 1ರಂದು ಅಂತರರಾಜ್ಯ ಸಾಗಣೆಗೆ ಈ ಪದ್ಧತಿ ಬಂದಾಗ ರಾಜ್ಯದೊಳಗಿನ ಸಾಗಣೆಗೂ ಅಂದೇ ಅದನ್ನು ಜಾರಿಗೊಳಿಸಿದ್ದು ಕರ್ನಾಟಕ. ಇಲ್ಲಿನ ವರ್ತಕರಿಗೆ ಅದು ಹೊಸದಲ್ಲ. ಆದರೂ ಹಳೆಯ ವಾಹನ ಸಂಖ್ಯೆಯೊಂದಿಗೆ ಹೊರಟ ಮಾಲು, ಅವಧಿ ಮೀರಿದ ಬಿಲ್ಲಿನೊಂದಿಗೆ ಹೊರಟ ಮಾಲು ದಾರಿಯಲ್ಲಿ ಸಿಕ್ಕಿಬೀಳುವುದು ನಿಂತಿಲ್ಲ. ಅಂಥ ಸಂದರ್ಭದಲ್ಲಿ ಮಾಲು ಬಿಡಿಸಿಕೊಳ್ಳಲು ತೆರಿಗೆಯ ಎರಡರಷ್ಟು ದಂಡ ತೆರಬೇಕಾದೀತು. ಬಾಗಿಲು ದಾಟುವ ಮುನ್ನ ಗಾಡಿಯ ಫಲಕವನ್ನೂ ಬಿಲ್ಲಿನ ಸಂಖ್ಯೆಯನ್ನೂ ಹೋಲಿಸಿ ನೋಡಲು ಒಂದು ನಿಮಿಷ ಸಾಕು.

ಈ ಪ್ರದೇಶಕ್ಕೇ ವಿಶಿಷ್ಟವಾದ ಇನ್ನೊಂದು ಸೋರಿಕೆಯಿದೆ. ಲೋಹಲೇಪನಕ್ಕೆ, ಉಷ್ಣ ಸಂಸ್ಕರಣಕ್ಕೆ, ಪೌಡರ್ ಕೋಟಿಂಗಿಗೆಂದು ಮಾಲು ದಿನನಿತ್ಯ ಅಕ್ಕಪಕ್ಕದ ಬೀದಿಗಳ ಜಾಬ್‌ವರ್ಕ್ ಘಟಕಗಳಿಗೆ ಹೋಗಿಬರುತ್ತದೆ. ಮೂರು ಬೀದಿ ಆಚೆಗೆ, ಪರಿಚಯದವರ ಬಳಿಗೆ ಹೋಗುವ ಮಾಲೆಂಬ ಕಾರಣಕ್ಕೆ ಆಟೊದಲ್ಲಿ ಹಾಕಿ ಕಳುಹಿಸುತ್ತಾರೆ. ಚಲನ್ ಬರೆಯುವುದು ‘ಆಮೇಲೆ’. 500 ಹೋದದ್ದು 480 ಬರುತ್ತದೆ. ಉಳಿದ 20 ತಿರಸ್ಕೃತವೇ, ಮುಂದಿನ ಕಂತಿನಲ್ಲಿ ಬರಲಿದೆಯೇ ಎಂಬುದು ಎರಡೂ ಕಡೆಯವರಿಗೆ ತಿಳಿಯದು. ಹೀಗೆ ಕಳುಹಿಸಿದ ಕಚ್ಚಾವಸ್ತು ಒಂದು ವರ್ಷದೊಳಗೆ ಹಿಂದಿರುಗದಿದ್ದರೆ ಕಳುಹಿಸಿದ ದಿನವೇ ಅದನ್ನು ಪೂರೈಕೆ ಮಾಡಿದಂತೆ ತೆರಿಗೆ ಕಾನೂನು ಭಾವಿಸುತ್ತದೆ, ಬಡ್ಡಿಯೂ ಸೇರುತ್ತದೆ. ಜಾಬ್‌ವರ್ಕಿಗೆ ಪ್ರತ್ಯೇಕ ವಹಿಯೊಂದನ್ನು ಬಾಗಿಲಲ್ಲಿಟ್ಟು, ಹೋದ ಸಾಲಿನ ಎದುರಿಗೇ ಬಂದ ಸಾಲನ್ನು ಬರೆದು, ತೀರದ ಸಾಲುಗಳನ್ನು ಪ್ರತಿ ಶನಿವಾರ ಮಾಲೀಕನು ಓದುವುದಾದರೆ ಈ ಸೋರಿಕೆಯ ಬಹುಭಾಗ ನಿಲ್ಲುತ್ತದೆ.

ಇಷ್ಟಕ್ಕೆಲ್ಲ ಜನ ಎಲ್ಲಿದ್ದಾರೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಹದಿನೈದು ಮಂದಿಯ ಘಟಕದಲ್ಲಿ ಬಾಗಿಲಿಗೆಂದು ಒಬ್ಬನನ್ನು ನೇಮಿಸುವುದು ಹಗುರವಾದ ಮಾತಲ್ಲ. ತಿಂಗಳಿಗೆ 20 ಸಾವಿರ ರೂಪಾಯಿ ಸಂಬಳವೆಂದರೂ ವರ್ಷಕ್ಕೆ 2 ಲಕ್ಷ 40 ಸಾವಿರ. ಆದರೆ ಬಾಗಿಲಿನ ಲೆಕ್ಕ ನಂಬುವಂತಿಲ್ಲದ ಘಟಕದಲ್ಲಿ ಖರೀದಿ ವಿಭಾಗದವರು ‘ಇರಲಿ’ ಎಂದು ಹೆಚ್ಚಿಗೆ ತರಿಸಿಡುತ್ತಾರೆ. ಹಾಗೆ 20 ಲಕ್ಷ ರೂಪಾಯಿಯ ಮಾಲು ಅನಗತ್ಯವಾಗಿ ಕುಳಿತಿದ್ದರೆ, ಶೇಕಡಾ 12ರ ಬ್ಯಾಂಕ್ ಬಡ್ಡಿಯೇ ವರ್ಷಕ್ಕೆ 2 ಲಕ್ಷ 40 ಸಾವಿರವಾಗುತ್ತದೆ. ಆ ಮಾಲು ಹಿಡಿದಿರುವ ಜಾಗದ ಬಾಡಿಗೆ ಈ ಲೆಕ್ಕದಲ್ಲಿಲ್ಲ. ಜಾಗ ಸಾಲದೆಂದು ಕುಂಬಳಗೋಡಿನಲ್ಲಿ ಇನ್ನೊಂದು ಗೋದಾಮು ಹಿಡಿಯುವವರು, ಅದನ್ನು ಹೆಚ್ಚುವರಿ ವ್ಯವಹಾರ ಸ್ಥಳವೆಂದು ನೋಂದಾಯಿಸುವ ಮೊದಲು, ಈಗಿರುವ ಶೆಡ್ಡಿನಲ್ಲಿ ಆರು ತಿಂಗಳಿಂದ ಅಲುಗದ ಮಾಲು ಎಷ್ಟಿದೆಯೆಂದು ಒಂದು ಭಾನುವಾರ ನೋಡುವುದು ಒಳಿತು. ಬಾರ್‌ಕೋಡ್ ಮತ್ತು ತಂತ್ರಾಂಶಗಳ ಮಾರಾಟಗಾರರು ಈಚೆಗೆ ಪ್ರತಿ ಬೀದಿಯಲ್ಲಿಯೂ ಸುಳಿದಾಡುತ್ತಿದ್ದಾರೆ. ಅವು ಉಪಯುಕ್ತವಾದ ಸಾಧನಗಳೇ. ಆದರೆ ಹತ್ತು ದಿನ ತಡವಾಗಿ ನಮೂದಿಸುವ ಗುಮಾಸ್ತ ಕಂಪ್ಯೂಟರಿನಲ್ಲಿಯೂ ಹತ್ತು ದಿನ ತಡವಾಗಿಯೇ ನಮೂದಿಸುತ್ತಾನೆ.

ಬಿಡಿ ಘಟಕಗಳ ಕೈಮೀರಿದ ಒಂದು ಕೆಲಸ ಸಂಘಸಂಸ್ಥೆಗಳಿಗೆ ಉಳಿಯುತ್ತದೆ. 1949ರಲ್ಲಿ ಸ್ಥಾಪನೆಗೊಂಡ ಕಾಸಿಯಾ ಸಂಸ್ಥೆಯ ಕಚೇರಿ ವಿಜಯನಗರದಲ್ಲಿಯೇ ಇದೆ. ವಾಣಿಜ್ಯ ಮಂಡಳಿಗಳಿಗೂ ಸಂಚಾರ ಪೊಲೀಸರೊಂದಿಗೆ ಕುಳಿತು ಮಾತನಾಡುವ ಅವಕಾಶವಿದೆ. ರಾಜಾಜಿನಗರ ಮತ್ತು ಕಾಮಾಕ್ಷಿಪಾಳ್ಯದ ಪ್ರತಿಯೊಂದು ಘಟಕವೂ ತನ್ನ ಮುಂದಿನ ಓಣಿಯಲ್ಲಿಯೇ ಲಾರಿ ನಿಲ್ಲಿಸಿ ನೆರೆಹೊರೆಯವರ ಬೈಗುಳ ಕೇಳುವುದಕ್ಕಿಂತ, ವಸಾಹತಿನ ಅಂಚಿನಲ್ಲಿ ದೀಪ, ತೂಕದ ಯಂತ್ರ ಮತ್ತು ನೆರಳಿರುವ ಒಂದು ಸಾಮಾನ್ಯ ಇಳಿದಾಣ ರಾತ್ರಿ ವೇಳೆಗೆ ದೊರಕುವಂತಾದರೆ, ದೊಡ್ಡ ಲಾರಿಗಳು ಅಲ್ಲಿಯೇ ಖಾಲಿಯಾಗಿ ಬೆಳಗಾಗುವುದರೊಳಗೆ ಊರು ದಾಟಬಹುದು. ಇಂಥ ಬೇಡಿಕೆ ಸಲ್ಲಿಸಲು ಹೋದಾಗ ಅಧಿಕಾರಿಗಳು ಮೊದಲು ಕೇಳುವ ಪ್ರಶ್ನೆ, ದಿನಕ್ಕೆ ಎಷ್ಟು ಲಾರಿಗಳು ಬರುತ್ತವೆ, ಯಾವ ಹೊತ್ತಿಗೆ ಬರುತ್ತವೆ, ಎಷ್ಟು ಹೊತ್ತು ನಿಲ್ಲುತ್ತವೆ ಎಂಬುದು. ಒಂದು ವಸಾಹತಿನ ಐವತ್ತು ಘಟಕಗಳು ಒಂದು ತಿಂಗಳು ತಮ್ಮ ಬಾಗಿಲಿನ ವಹಿಯಲ್ಲಿ ಆ ವೇಳೆಗಳನ್ನು ಬರೆದಿಟ್ಟಿದ್ದರೆ ಉತ್ತರ ಸಿದ್ಧವಾಗಿರುತ್ತದೆ.